ಅಂಗಿಯ ಗುಂಡಿ ಯಾರು ಹಾಕಬೇಕು? ಹಿರಿಯರ ಆರೈಕೆಯ ದಾರಿಗಳನ್ನು ಹೋಲಿಸಿ ಆರಿಸುವವರಿಗೆ

ಪಾರ್ಶ್ವವಾಯು ಬಡಿದು ಅಪ್ಪನ ಬಲಗೈ ಸೋತ ವರ್ಷ ನಮ್ಮ ಮನೆಗೆ ಒಬ್ಬರ ನಂತರ ಒಬ್ಬರಂತೆ ಇಬ್ಬರು ಸಹಾಯಕರು ಬಂದರು. ಮೊದಲನೆಯವರು ಬಹಳ ಚುರುಕು. ಬೆಳಿಗ್ಗೆ ಏಳೂವರೆಗೆ ಬಂದರೆ ಎಂಟೂಕಾಲರ ಹೊತ್ತಿಗೆ ಸ್ನಾನ, ಬಟ್ಟೆ, ಮಾತ್ರೆ ಎಲ್ಲ ಮುಗಿದು ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ಅಂಗಿಯ ಆರು ಗುಂಡಿಗಳನ್ನು ಅವರು ಅರ್ಧ ನಿಮಿಷದಲ್ಲಿ ಹಾಕಿಬಿಡುತ್ತಿದ್ದರು. ಅವರ ಕೆಲಸ ಕಂಡು ನಮಗೆಲ್ಲ ನೆಮ್ಮದಿಯಾಗಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಪ್ಪ ಚೆನ್ನಾಗಿದ್ದ ಎಡಗೈಯನ್ನೂ ಮಡಿಲಲ್ಲಿಟ್ಟುಕೊಂಡು, ಯಾರಾದರೂ ಬಂದು ಮಾಡಲಿ ಎಂದು ಕಾದು ಕೂರುವುದನ್ನು ಕಲಿತಿದ್ದರು.

ಎರಡನೆಯವರು ಬಂದ ದಿನ ಒಂದು ಸ್ಟೂಲ್ ಎಳೆದುಕೊಂಡು ಅಪ್ಪನ ಎದುರು ಕುಳಿತರು. ‘ಮೇಷ್ಟ್ರೇ, ಕೆಳಗಿನ ಗುಂಡಿಯಿಂದ ಶುರು ಮಾಡೋಣ. ಅದಾದರೆ ಕಣ್ಣಿಗೆ ಕಾಣುತ್ತದೆ’ ಎಂದರು. ಅಪ್ಪನ ಎಡಗೈಯ ಹೆಬ್ಬೆರಳು ಗುಂಡಿಯನ್ನು ಕಾಜದ ಅಂಚಿನವರೆಗೆ ತಂದು ಜಾರಿಸುತ್ತಿತ್ತು, ಮತ್ತೆ ತರುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಹೋಗಿ ಹಾಕಿಬಿಡಬೇಕು ಎಂದು ನನ್ನ ಕೈ ಚಡಪಡಿಸುತ್ತಿತ್ತು. ಆ ದಿನ ಮೂರು ಗುಂಡಿಗಳಿಗೆ ಹದಿನಾಲ್ಕು ನಿಮಿಷ ಹಿಡಿಯಿತು. ಉಳಿದ ಮೂರನ್ನು ಅವರೇ ಹಾಕಿದರು, ಅಪ್ಪನನ್ನು ಕೇಳಿ. ಮೂರನೆಯ ವಾರ ಆರನ್ನೂ ಅಪ್ಪ ತಾವೇ ಹಾಕಿಕೊಂಡರು.

ಮನೆ ಅದೇ, ಹೊತ್ತು ಅದೇ, ಕಾಯಿಲೆಯೂ ಅದೇ. ಬದಲಾದದ್ದು ಸಹಾಯ ಮಾಡುವ ರೀತಿ ಒಂದೇ. ಹಿರಿಯರ ಆರೈಕೆಗೆ ದಾರಿ ಹುಡುಕುವಾಗ ನಾವು ‘ಮನೆಯೋ, ಕೇಂದ್ರವೋ’ ಎಂದು ಜಾಗದಿಂದ ಹೋಲಿಕೆ ಶುರು ಮಾಡುತ್ತೇವೆ. ಎಲ್ಲಿ ಇರುತ್ತಾರೆ ಎನ್ನುವುದಕ್ಕಿಂತ ಮೊದಲು, ಅವರ ದಿನದ ಸಣ್ಣಪುಟ್ಟ ತೀರ್ಮಾನಗಳು ಯಾರ ಕೈಯಲ್ಲಿರುತ್ತವೆ ಎಂದು ಕೇಳಬೇಕು ಎನ್ನುವುದು ನಾನು ಕಂಡುಕೊಂಡದ್ದು. ಎಷ್ಟು ಹೊತ್ತಿಗೆ ಏಳುವುದು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ, ಇವೆಲ್ಲ ಆ ತೀರ್ಮಾನಗಳೇ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಅಳತೆಗೋಲಿನಿಂದಲೇ ಮಾಡಿದ್ದೇನೆ.

ಹೋಲಿಸುವ ಮೊದಲು ಒಂದು ಹಾಳೆ

ಕೇಂದ್ರಗಳ ಹೆಸರು ಹುಡುಕಲು ಕೂರುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು ತಮ್ಮ ತಂಡದೊಂದಿಗೆ ದಿನನಿತ್ಯದ ಆರು ಕೆಲಸಗಳ ಪಟ್ಟಿಯೊಂದನ್ನು ಪ್ರಕಟಿಸಿದರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯ ಬಳಸುವುದು, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರದ ಮೇಲೆ ಹಿಡಿತ, ತಾನೇ ಊಟ ಮಾಡುವುದು. ಇಂದಿಗೂ ಆಸ್ಪತ್ರೆಗಳಲ್ಲಿ ಇದೇ ಪಟ್ಟಿ ಬಳಕೆಯಲ್ಲಿದೆ. ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ, ಕೊನೆಯವರೆಗೂ ಉಳಿಯುವುದು ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಇನ್ನೂ ಎಂಟು ಕೆಲಸಗಳನ್ನು ಪಟ್ಟಿ ಮಾಡಿದರು: ಫೋನ್ ಬಳಸುವುದು, ಸಾಮಾನು ಕೊಳ್ಳುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆಗಳ ಜವಾಬ್ದಾರಿ, ಹಣದ ಲೆಕ್ಕ.

ಈ ಹದಿನಾಲ್ಕನ್ನೂ ಸಾಲಾಗಿ ಬರೆದು ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದನ್ನು ಗುರುತಿಸಿ: ‘ತಾವೇ ಮಾಡುತ್ತಾರೆ’, ‘ಪಕ್ಕದಲ್ಲಿ ಒಬ್ಬರಿದ್ದರೆ ಮಾಡುತ್ತಾರೆ’, ‘ಬೇರೆಯವರೇ ಮಾಡಬೇಕು’. ನಡುವಿನದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮಾಡಬಲ್ಲರು, ಇಲ್ಲವೇ ಮಾಡಲಾರರು ಎಂದು ಎರಡೇ ಗುಂಪು ಮಾಡಿಕೊಳ್ಳುತ್ತಾರೆ. ಆದರೆ ಸ್ವಾವಲಂಬನೆಯ ಬಹುಪಾಲು ಇರುವುದು ಆ ನಡುವಿನ ಗುಂಪಿನಲ್ಲೇ. ಅಪ್ಪನ ಹಾಳೆಯಲ್ಲಿ ಏಳು ಕೆಲಸಗಳು ಅಲ್ಲಿದ್ದವು. ಮೊದಲನೆಯ ಸಹಾಯಕರ ಕೈಯಲ್ಲಿ ಆ ಏಳೂ ಕೊನೆಯ ಗುಂಪಿಗೆ ಜಾರಿದ್ದವು.

ಹಾಳೆಯ ಹಿಂಬದಿಯನ್ನು ಹಿರಿಯರೇ ತುಂಬಲಿ. ಅವರು ಹೇಳಲಿ, ನೀವು ಬರೆದುಕೊಳ್ಳಿ. ‘ಯಾವುದನ್ನು ಬಿಟ್ಟು ಇರಲಾರಿರಿ?’ ಎಂದು ಕೇಳಿ. ಬರುವ ಉತ್ತರ ನಿಮ್ಮ ಊಹೆಗೆ ಹೊಂದುವುದಿಲ್ಲ. ಅಪ್ಪ ಮಕ್ಕಳ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ‘ಬೆಳಗಿನ ಪತ್ರಿಕೆಯನ್ನು ಮೊದಲು ನಾನು ಬಿಡಿಸಬೇಕು, ಬಚ್ಚಲಿನ ಬಾಗಿಲು ಮುಚ್ಚಿರಬೇಕು’ ಎಂದರು. ಎರಡೂ ಪುಟ್ಟ ವಿಷಯಗಳು, ನಿಜ. ಯಾವ ಆರೈಕೆಯವರನ್ನು ಕಂಡಾಗಲೂ ನಾನು ಮೊದಲು ಕೇಳಿದ್ದು ಈ ಎರಡನ್ನೇ. ಹತ್ತು ಪುಟದ ಪರಿಚಯ ಪುಸ್ತಿಕೆ ತಿಳಿಸದಿದ್ದುದನ್ನು ಈ ಎರಡು ಪ್ರಶ್ನೆಗಳು ತಿಳಿಸಿದವು.

ಮಾಡಿಕೊಡುವ ಸಹಾಯ, ಜೊತೆಗಿದ್ದು ಮಾಡಿಸುವ ಸಹಾಯ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಉಳಿದ ಹೋಲಿಕೆಗಳೆಲ್ಲ ಇದರ ಮೇಲೆ ನಿಂತಿವೆ.

ಮಾರ್ಗರೆಟ್ ಬಾಲ್ಟೆಸ್ ಎಂಬ ಮನಶ್ಶಾಸ್ತ್ರಜ್ಞೆ ಆರೈಕೆ ಕೇಂದ್ರಗಳಲ್ಲಿ ಹಿರಿಯರು ಮತ್ತು ಸಿಬ್ಬಂದಿಯ ಒಡನಾಟವನ್ನು ವರ್ಷಗಟ್ಟಲೆ ಗಮನಿಸಿದರು. ಹಿರಿಯರು ‘ನನ್ನಿಂದಾಗದು’ ಎಂದ ಕೂಡಲೇ ಯಾರಾದರೂ ಬರುತ್ತಿದ್ದರು, ಮಾತಾಡಿಸುತ್ತಿದ್ದರು, ಮಾಡಿಕೊಡುತ್ತಿದ್ದರು. ತಮ್ಮ ಕೆಲಸವನ್ನು ತಾವೇ ಮಾಡಿಕೊಂಡವರ ಕಡೆ ಹೆಚ್ಚಾಗಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಂದರೆ ಕೈಲಾಗದವರಾದರೆ ಒಡನಾಟ ಸಿಗುತ್ತದೆ, ಕೈಲಾಗುವವರಾದರೆ ಒಂಟಿತನ. ಇದರಲ್ಲಿ ಯಾರ ಕೆಟ್ಟ ಮನಸ್ಸೂ ಇಲ್ಲ. ಒಳ್ಳೆಯ ಮನಸ್ಸಿನಿಂದಲೇ ಪರಾವಲಂಬನೆಯನ್ನು ಕಲಿಸಿಬಿಡುತ್ತೇವೆ.

ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಮತ್ತೊಂದು ಮುಖ. ಅಮೆರಿಕದ ಒಂದು ಆರೈಕೆ ಕೇಂದ್ರದಲ್ಲಿ ಒಂದು ಮಹಡಿಯವರಿಗೆ ‘ನಿಮ್ಮ ಕೋಣೆ, ನಿಮ್ಮ ಹೊತ್ತು ನಿಮ್ಮ ಜವಾಬ್ದಾರಿ’ ಎಂದು ಹೇಳಿ, ಬೇಕಾದ ಗಿಡವೊಂದನ್ನು ಆರಿಸಿಕೊಂಡು ತಾವೇ ಸಾಕಲು ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ‘ನರ್ಸ್‌ಗಳು ನೀರು ಹಾಕುತ್ತಾರೆ, ನೀವು ನಿಶ್ಚಿಂತೆಯಿಂದಿರಿ’ ಎಂದರು. ಮೂರು ವಾರಗಳ ನಂತರ ನೋಡಿದರೆ ಮೊದಲನೆಯ ಮಹಡಿಯವರು ಹೆಚ್ಚು ಲವಲವಿಕೆಯಿಂದ ಓಡಾಡುತ್ತಿದ್ದರು, ಒಬ್ಬರನ್ನೊಬ್ಬರು ಹೆಚ್ಚು ಮಾತಾಡಿಸುತ್ತಿದ್ದರು. ಅಧ್ಯಯನ ಚಿಕ್ಕದು. ಅದರಿಂದ ಆಯಸ್ಸಿನ ಲೆಕ್ಕ ಹಾಕಲು ಹೋಗಬಾರದು. ಆದರೆ ‘ನಾವು ನೋಡಿಕೊಳ್ಳುತ್ತೇವೆ, ನೀವು ಸುಮ್ಮನಿರಿ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಎರಡನೆಯ ಮಹಡಿ ನೆನಪಾಗುತ್ತದೆ.

ದೇಹದ ಲೆಕ್ಕವೂ ಇದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರು ಬರೀ 10 ದಿನ ಹಾಸಿಗೆಯಲ್ಲೇ ಇದ್ದಾಗ ಅವರ ಕಾಲುಗಳಿಂದ ಸುಮಾರು 1 ಕಿಲೊ ಸ್ನಾಯು ಕರಗಿತ್ತು. ಕುರ್ಚಿಯಿಂದ ಎದ್ದು ಶೌಚಾಲಯಕ್ಕೆ ನಡೆಯಬಲ್ಲವರಿಗೆ ‘ಬೀಳುತ್ತೀರಿ, ಡೈಪರ್ ಇದೆಯಲ್ಲ’ ಎಂದು ಹೇಳುವುದು ಎಂಥ ತಪ್ಪು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಡೆಸಲು ಐದು ನಿಮಿಷ ಬೇಕು ಎಂದು ನಡಿಗೆಯನ್ನು ನಿಲ್ಲಿಸಿದರೆ, ಕೆಲವೇ ವಾರಗಳಲ್ಲಿ ನಡೆಯಬೇಕೆಂದರೂ ಕಾಲು ಕೇಳುವುದಿಲ್ಲ.

ಆದರೆ ಜೊತೆಗಿದ್ದು ಮಾಡಿಸುವುದು ಎಂದರೆ ಎಲ್ಲವನ್ನೂ ಅವರಿಂದಲೇ ಮಾಡಿಸಬೇಕು ಎಂದಲ್ಲ. ದಣಿದ ದಿನ ‘ಇವತ್ತು ನೀನೇ ಹಾಕಪ್ಪ’ ಎಂದರೆ ಹಾಕಬೇಕು. ಇರುವ ಶಕ್ತಿಯನ್ನೆಲ್ಲ ಸ್ನಾನಕ್ಕೇ ಖರ್ಚು ಮಾಡಿ, ಮಧ್ಯಾಹ್ನ ಗೆಳೆಯರು ಬಂದಾಗ ಮಾತಾಡಲು ಉಸಿರಿಲ್ಲದಂತೆ ಮಾಡುವುದೂ ತಪ್ಪೇ. ಶಕ್ತಿಯನ್ನು ಯಾವುದಕ್ಕೆ ಉಳಿಸಿಕೊಳ್ಳಬೇಕು ಎಂಬ ತೀರ್ಮಾನವೂ ಅವರದೇ. ಸ್ವಾವಲಂಬನೆ ಎಂದರೆ ಕೈಕಾಲಿನ ಕೆಲಸ ಮಾತ್ರವಲ್ಲ. ಬೆರಳನ್ನೂ ಅಲುಗಿಸಲಾರದವರು ಕೂಡ ತಮ್ಮ ದಿನದ ಯಜಮಾನರಾಗಿರಬಲ್ಲರು.

ಸ್ವಂತ ಮನೆ, ಬಂದು ಹೋಗುವ ಸಹಾಯಕರು

ತೀರ್ಮಾನಗಳು ಹಿರಿಯರ ಕೈಯಲ್ಲೇ ಉಳಿಯಲು ಇದರಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಕತ್ತಲಲ್ಲೂ ಕೈ ತಾನಾಗಿ ಸ್ವಿಚ್ ಹುಡುಕಿಕೊಳ್ಳುತ್ತದೆ, ಕಾಲಿಗೆ ಮೆಟ್ಟಿಲುಗಳ ಲೆಕ್ಕ ಗೊತ್ತಿರುತ್ತದೆ. ದೃಷ್ಟಿ ಮಂದವಾದವರಿಗೆ, ಮರೆವು ಆಗತಾನೇ ಶುರುವಾದವರಿಗೆ ಈ ಪರಿಚಯ ದೊಡ್ಡ ಆಸರೆ. ಶೌಚಾಲಯದ ಗೋಡೆಗೆ ಹಿಡಿಕೆ, ಬಚ್ಚಲಿಗೆ ಜಾರದ ಚಾಪೆ, ಕೂತು ಸ್ನಾನ ಮಾಡಲು ಕುರ್ಚಿ, ರಾತ್ರಿಯ ದಾರಿಗೆ ಸಣ್ಣ ದೀಪ, ತಲೆಬಾಗಿಲ ಹೊಸ್ತಿಲಿಗೆ ಇಳಿಜಾರು, ಇಷ್ಟು ಮಾಡಿದರೆ ಎಷ್ಟೋ ಮನೆಗಳು ಇನ್ನೂ ಹಲವು ವರ್ಷ ನಡೆಯುತ್ತವೆ.

ಕಷ್ಟ ಇರುವುದು ಮೂರು ಕಡೆ. ಮೊದಲನೆಯದು ರಾತ್ರಿ. ಎರಡನೆಯದು ಒಂಟಿತನ, ಅಂದರೆ ಸಹಾಯಕರು ಹೋದ ಮೇಲೆ ಉಳಿಯುವ ಆ ದೀರ್ಘ ಮಧ್ಯಾಹ್ನ. ಮೂರನೆಯದು ಬದಲಾಗುತ್ತಲೇ ಇರುವ ಮುಖಗಳು. ಸೋಮವಾರ ಒಬ್ಬರು, ಬುಧವಾರ ಇನ್ನೊಬ್ಬರು ಬಂದರೆ ಹಿರಿಯರು ಪ್ರತಿ ಸಲವೂ ಹೊಸಬರ ಮುಂದೆ ಬಟ್ಟೆ ಬಿಚ್ಚಬೇಕು, ತಮ್ಮ ಬಲಗೈ ನೋಯುತ್ತದೆ ಎಂದು ಮತ್ತೆ ಮೊದಲಿನಿಂದ ಹೇಳಬೇಕು. ನೆದರ್‌ಲೆಂಡ್ಸ್‌ನಲ್ಲಿ ನರ್ಸ್ ಆಗಿದ್ದ ಯೋಸ್ ದೆ ಬ್ಲೋಕ್ 2006ರಲ್ಲಿ ಆರಂಭಿಸಿದ ಬ್ಯೂರ್ತ್‌ಸೋರ್ಗ್ ಸಂಸ್ಥೆ ಇದಕ್ಕೆ ಒಂದು ಉತ್ತರ. ಹೆಚ್ಚೆಂದರೆ 12 ಮಂದಿ ನರ್ಸ್‌ಗಳ ಸಣ್ಣ ತಂಡ ಒಂದು ಬಡಾವಣೆಯನ್ನು ನೋಡಿಕೊಳ್ಳುತ್ತದೆ. ಯಾರ ಮನೆಗೆ ಯಾರು, ಯಾವಾಗ ಹೋಗಬೇಕು ಎಂದು ತಂಡವೇ ತೀರ್ಮಾನಿಸುತ್ತದೆ, ಮೇಲೆ ಮೇಲ್ವಿಚಾರಕರ ಸಾಲು ಇರುವುದಿಲ್ಲ. ಆದ್ದರಿಂದ ಯಾವ ಏಜೆನ್ಸಿಯವರೊಂದಿಗೆ ಮಾತಾಡಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ವಾರದಲ್ಲಿ ಒಟ್ಟು ಎಷ್ಟು ಬೇರೆ ಬೇರೆ ಮಂದಿ ನಮ್ಮ ಮನೆಗೆ ಬರುತ್ತಾರೆ?’ ಮೂವರನ್ನು ಮೀರಿದರೆ ನಾನಾದರೆ ಇನ್ನೊಂದು ಏಜೆನ್ಸಿ ನೋಡುತ್ತೇನೆ.

ಕಾಯಿಲೆಯಿಂದ ಎದ್ದವರಿಗೆ ಇನ್ನೊಂದು ವ್ಯವಸ್ಥೆ ಇದೆ. ಡೆನ್ಮಾರ್ಕ್‌ನ ಫ್ರೆಡೆರಿಸಿಯ ಪಟ್ಟಣದಲ್ಲಿ 2008ರಲ್ಲಿ ಮನೆಗೆಲಸದ ಸಹಾಯ ಕೇಳಿ ಬಂದ ಹಿರಿಯರನ್ನು ‘ನಿಮಗೇನು ಮಾಡಿಕೊಡಬೇಕು’ ಎಂದು ಕೇಳುವ ಬದಲು ‘ನೀವು ಮತ್ತೆ ಏನು ಮಾಡುವಂತಾಗಬೇಕು’ ಎಂದು ಕೇಳಲು ಶುರು ಮಾಡಿದರು. ಕೆಲವು ವಾರ ಫಿಸಿಯೋಥೆರಪಿ, ಮನೆಯಲ್ಲೇ ತರಬೇತಿ, ಬೇಕಾದ ಸಲಕರಣೆ, ಆಮೇಲೆ ನಿಧಾನವಾಗಿ ಕೈಬಿಡುವುದು. 2015ರಲ್ಲಿ ಅಲ್ಲಿಯ ಕಾನೂನೇ ಇಂಥ ತರಬೇತಿಯ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು ಎಂದಿತು. ಮೂಳೆ ಮುರಿತ, ಪಾರ್ಶ್ವವಾಯು, ದೀರ್ಘ ಆಸ್ಪತ್ರೆವಾಸ ಆದ ಮೊದಲ ಮೂರು ತಿಂಗಳಲ್ಲಿ ಶಾಶ್ವತ ವ್ಯವಸ್ಥೆಯ ಬಗ್ಗೆ ತೀರ್ಮಾನಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಆಗ ಕಾಣುವುದು ಕಾಯಿಲೆಯ ಬಲ, ಮನುಷ್ಯರ ಬಲ ಇನ್ನೂ ಕಾಣಬೇಕಿರುತ್ತದೆ.

ಮಕ್ಕಳ ಮನೆ

ಪ್ರೀತಿ ಇರುವ ಜಾಗ. ಹಾಗಾಗಿಯೇ ಸ್ವಾವಲಂಬನೆ ಸದ್ದಿಲ್ಲದೆ ಕಳೆದುಹೋಗುವುದೂ ಇಲ್ಲೇ. ‘ನೀವು ಕುಳಿತಿರಿ ಅಪ್ಪ, ನಾನು ತರುತ್ತೇನೆ’ ಎಂಬ ಮಾತನ್ನು ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. ಪ್ರತಿ ಸಲವೂ ಅವರು ಏಳಬಹುದಾಗಿದ್ದ ಒಂದು ಅವಕಾಶವನ್ನು ನಾನು ತಪ್ಪಿಸುತ್ತಿದ್ದೆ ಎಂದು ಹೇಳಿಕೊಟ್ಟವರು ಆ ಎರಡನೆಯ ಸಹಾಯಕರು. ಮಕ್ಕಳ ಮನೆಯಲ್ಲಿ ಅಡುಗೆಮನೆ ಮಕ್ಕಳದು, ಟಿವಿಯ ರಿಮೋಟ್ ಮೊಮ್ಮಕ್ಕಳದು, ವೇಳಾಪಟ್ಟಿ ಕಚೇರಿ ಮತ್ತು ಶಾಲೆಯದು. ಹಿರಿಯರು ಅತಿಥಿಯಾಗಿ ಉಳಿದುಬಿಡುತ್ತಾರೆ.

ಈ ದಾರಿ ಆರಿಸುವವರು ಎರಡನ್ನು ಮೊದಲೇ ಮಾಡಿಡಬೇಕು. ಒಂದು, ಮನೆಯ ಒಂದು ನಿಜವಾದ ಕೆಲಸ ಹಿರಿಯರ ಪಾಲಿಗೆ ಬಿಟ್ಟಿರಬೇಕು. ಸಮಾಧಾನಕ್ಕೆಂದು ಕೊಟ್ಟ ಕೆಲಸವಲ್ಲ, ಅವರು ಮಾಡದಿದ್ದರೆ ಮನೆಗೆ ಕೊರತೆಯಾಗುವಂಥದ್ದು. ನಮ್ಮಲ್ಲಿ ವಿದ್ಯುತ್ ಮತ್ತು ನೀರಿನ ಬಿಲ್ಲುಗಳ ಲೆಕ್ಕ ಅಪ್ಪನದಾಯಿತು. ಎಡಗೈಯಲ್ಲಿ ಬರೆದ ಅಂಕಿಗಳು ವಕ್ರವಾಗಿರುತ್ತಿದ್ದವು, ಲೆಕ್ಕ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಎರಡು, ನೋಡಿಕೊಳ್ಳುವವರಿಗೆ ಬಿಡುವು. ನಿದ್ರೆಗೆಟ್ಟ ಮಗಳೋ ಸೊಸೆಯೋ ಮಗನೋ ಹದಿನಾಲ್ಕು ನಿಮಿಷ ಕಾಯಲಾರರು, ಗುಂಡಿಯನ್ನು ತಾವೇ ಹಾಕಿಬಿಡುತ್ತಾರೆ. ಹತ್ತಿರದಲ್ಲಿ ಹಿರಿಯರ ಹಗಲು ಕೇಂದ್ರವಿದ್ದರೆ ವಾರಕ್ಕೆ ಎರಡು ಮೂರು ದಿನ ಅಲ್ಲಿಗೆ ಹೋಗುವುದು ಇಬ್ಬರಿಗೂ ಒಳ್ಳೆಯದು. ಹಿರಿಯರಿಗೆ ತಮ್ಮ ವಯಸ್ಸಿನವರು ಸಿಗುತ್ತಾರೆ, ಮನೆಯವರಿಗೆ ನಿದ್ರೆ ಸಿಗುತ್ತದೆ.

ಸಹಾಯವಿರುವ ಹಿರಿಯರ ವಸತಿ

ತಮ್ಮದೇ ಬಾಗಿಲು, ತಮ್ಮದೇ ಬೀಗದ ಕೈ, ಕರೆದರೆ ಸಹಾಯ, ಬೇಕೆಂದರೆ ಎಲ್ಲರೊಂದಿಗೆ ಊಟ. ಆರೋಗ್ಯ ಪರವಾಗಿಲ್ಲ, ಆದರೆ ಒಂಟಿತನವೇ ದೊಡ್ಡ ನೋವು ಎನ್ನುವವರಿಗೆ ಇದು ಒಳ್ಳೆಯ ಆಯ್ಕೆ. ಎಚ್ಚರ ಬೇಕಾದದ್ದು ಒಪ್ಪಂದದಲ್ಲಿ. ನಾಳೆ ಸ್ನಾನಕ್ಕೆ ಇಬ್ಬರು ಬೇಕಾದರೆ ಏನು ಮಾಡುತ್ತೀರಿ? ಮರೆವು ಹೆಚ್ಚಾದರೆ ಇರಲು ಬಿಡುತ್ತೀರಾ? ಯಾವ ಕಾರಣಕ್ಕೆ ಖಾಲಿ ಮಾಡಿಸುತ್ತೀರಿ, ಎಷ್ಟು ದಿನ ಮುಂಚೆ ಹೇಳುತ್ತೀರಿ? ಉತ್ತರ ಬಾಯಿಮಾತಿನಲ್ಲಿದ್ದರೆ ಸಾಲದು, ಬರಹದಲ್ಲಿರಬೇಕು. ಹಿರಿಯರಿಗೆ ಈ ವಯಸ್ಸಿನಲ್ಲಿ ಒಂದು ಮನೆ ಬದಲಾವಣೆಯೇ ಕಷ್ಟ, ಎರಡನೆಯದು ಇನ್ನೂ ಕಷ್ಟ.

ಆರೈಕೆ ಕೇಂದ್ರ

ದಿನದ 24 ಗಂಟೆ ನರ್ಸ್, ಎತ್ತಿ ಕೂರಿಸಲು ಬೇಕಾದಷ್ಟು ಕೈಗಳು, ನುಂಗಲು ಕಷ್ಟವಿರುವವರಿಗೆ ತಿಳಿದವರ ಕಣ್ಣು, ಇವು ಮನೆಯಲ್ಲಿ ಸಿಗುವುದು ಕಷ್ಟ. ರಾತ್ರಿ ಇಬ್ಬರ ಸಹಾಯ ಬೇಕಾದ ಹಂತ ಬಂದರೆ ಕೇಂದ್ರವನ್ನು ಆರಿಸಿದವರು ತಮ್ಮನ್ನು ತಾವು ದೂಷಿಸಿಕೊಳ್ಳಬಾರದು. ಸೊಂಟ ಹಿಡಿದ ಮಗಳು ಕಾಲು ಜಾರುವ ತಾಯಿಯನ್ನು ರಾತ್ರಿ ಮೂರು ಗಂಟೆಗೆ ಎತ್ತುವುದು ಇಬ್ಬರಿಗೂ ಅಪಾಯ.

ಕೇಂದ್ರದ ತೊಂದರೆ ಅದರ ಗಡಿಯಾರ. ನೂರು ಜನರನ್ನು ಎಬ್ಬಿಸಬೇಕು, ಆದ್ದರಿಂದ ಐದೂವರೆಗೇ ಎಬ್ಬಿಸಲು ಶುರು ಮಾಡುತ್ತಾರೆ. ಬಿಲ್ ಥಾಮಸ್ ಎಂಬ ವೈದ್ಯರು 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನ ಚೇಸ್ ಮೆಮೋರಿಯಲ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿಯ ಹಿರಿಯರನ್ನು ಕೊರೆಯುತ್ತಿದ್ದ ಮೂರು ಪಿಡುಗುಗಳನ್ನು ಗುರುತಿಸಿದರು: ಬೇಸರ, ಒಂಟಿತನ, ಅಸಹಾಯಕತೆ. ಔಷಧ ಪೆಟ್ಟಿಗೆಯಲ್ಲಿ ಮೂರಕ್ಕೂ ಮದ್ದಿರಲಿಲ್ಲ. ಅವರು ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿಗಳನ್ನು ತರಿಸಿದರು, ಕೋಣೆಗಳಲ್ಲಿ ಗಿಡ ಬೆಳೆಸಿದರು. ಸಾಕಲು ಒಂದು ಜೀವ ಸಿಕ್ಕ ಮೇಲೆ ಮಾತು ಬಿಟ್ಟಿದ್ದವರು ಮಾತಾಡಿದರು, ನಡಿಗೆ ಬಿಟ್ಟಿದ್ದವರು ‘ನಾಯಿಯನ್ನು ನಾನು ಸುತ್ತಾಡಿಸುತ್ತೇನೆ’ ಎಂದು ಮುಂದೆ ಬಂದರು. ಇದೇ ವೈದ್ಯರ ಮುಂದಿನ ಯೋಚನೆ ಸಣ್ಣ ಮನೆಗಳ ಮಾದರಿ. 2003ರಲ್ಲಿ ಮಿಸಿಸಿಪ್ಪಿ ರಾಜ್ಯದ ಟ್ಯುಪೆಲೋದಲ್ಲಿ ಇಂಥ ಮೊದಲ ಮನೆಗಳು ತೆರೆದವು: ಸುಮಾರು ಹತ್ತು ಜನ, ಪ್ರತಿಯೊಬ್ಬರಿಗೂ ಸ್ವಂತ ಕೋಣೆ ಮತ್ತು ಬಚ್ಚಲು, ನಡುವೆ ಎಲ್ಲರಿಗೂ ತೆರೆದ ಅಡುಗೆಮನೆ, ದೊಡ್ಡದೊಂದು ಊಟದ ಮೇಜು. ಅಡುಗೆ ಮಾಡುವವರು, ಸ್ನಾನಕ್ಕೆ ನೆರವಾಗುವವರು ಎಂದು ಬೇರೆ ಬೇರೆ ಇಲ್ಲ. ಅದೇ ಕೆಲವು ಮಂದಿ ಎಲ್ಲವನ್ನೂ ಮಾಡುವುದರಿಂದ ಪ್ರತಿಯೊಬ್ಬರ ಸ್ವಭಾವವೂ ಅವರಿಗೆ ಗೊತ್ತು. ನಿಮಗೆ ಎಟಕುವಷ್ಟರಲ್ಲಿ ದೊಡ್ಡ ಕೇಂದ್ರ ಒಂದು, ಸಣ್ಣದು ಒಂದು ಇದ್ದರೆ, ಉಳಿದದ್ದೆಲ್ಲ ಸಮವೆಂದು ಕಂಡರೆ, ನನ್ನ ಮತ ಸಣ್ಣದಕ್ಕೆ.

ಕೇಂದ್ರವನ್ನು ನೋಡಲು ಹೋಗುವಾಗ ಅವರು ಹೇಳಿದ ಹೊತ್ತಿಗೆ ಒಮ್ಮೆ, ಹೇಳದೆ ಇನ್ನೊಮ್ಮೆ ಹೋಗಿ. ಹೂಕುಂಡ, ಹೊಳೆಯುವ ನೆಲ ನೋಡಬೇಡಿ. ಇವನ್ನು ನೋಡಿ. ಬೆಳಿಗ್ಗೆ ಹತ್ತಕ್ಕೆ ಇನ್ನೂ ಮಲಗಿರುವವರು ಯಾರಾದರೂ ಇದ್ದಾರೆಯೇ? ಒಬ್ಬರೂ ಇಲ್ಲವೆಂದರೆ ಎಲ್ಲರನ್ನೂ ಒಂದೇ ಹೊತ್ತಿಗೆ ಎಬ್ಬಿಸುತ್ತಾರೆ ಎಂದರ್ಥ. ಸಿಬ್ಬಂದಿ ಕೋಣೆಯ ಬಾಗಿಲು ತಟ್ಟಿ, ಉತ್ತರಕ್ಕೆ ಕಾದು ಒಳಗೆ ಹೋಗುತ್ತಾರೆಯೇ, ತಟ್ಟುತ್ತಲೇ ನುಗ್ಗುತ್ತಾರೆಯೇ? ಹಿರಿಯರನ್ನು ಏನೆಂದು ಕರೆಯುತ್ತಾರೆ? ಕಂಡವರನ್ನೆಲ್ಲ ‘ಅಜ್ಜ’, ‘ಅಜ್ಜಿ’ ಎನ್ನುವುದು ಅಕ್ಕರೆಯಂತೆ ಕೇಳುತ್ತದೆ. ಆದರೆ ನಲವತ್ತು ವರ್ಷ ‘ಮೇಷ್ಟ್ರೇ’ ಎಂದು ಕರೆಸಿಕೊಂಡವರಿಗೆ ಅದು ಹೆಸರನ್ನು ಕಿತ್ತುಕೊಂಡಂತೆ. ಊಟ ಮಾಡಿಸುವವರು ಕುಳಿತು ಮಾಡಿಸುತ್ತಾರೆಯೇ, ನಿಂತೇ ಚಮಚ ನೀಡುತ್ತಾರೆಯೇ? ಕರೆಗಂಟೆ ಬಾರಿಸಿದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಗಡಿಯಾರ ನೋಡಿಕೊಳ್ಳಿ. ಕೊನೆಗೆ ಒಬ್ಬ ಸಾಮಾನ್ಯ ಸಹಾಯಕರ ಬಳಿ, ಮ್ಯಾನೇಜರ್ ಬಳಿಯಲ್ಲ, ‘ಆ ಕಿಟಕಿಯ ಪಕ್ಕ ಕುಳಿತಿರುವವರು ಮೊದಲು ಏನು ಕೆಲಸ ಮಾಡುತ್ತಿದ್ದರು?’ ಎಂದು ಕೇಳಿ. ವಿವರ ಬೇಕಿಲ್ಲ. ಅವರಿಗೆ ಗೊತ್ತಿದೆಯೇ ಎನ್ನುವುದು ಮುಖದಲ್ಲೇ ಕಾಣುತ್ತದೆ.

ಮರೆವು ಇರುವಾಗ

ಡಿಮೆನ್ಷಿಯಾ ಬಂದ ಮೇಲೆ ಆಯ್ಕೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ತಮ್ಮ ಕೊನೆಯ ವರ್ಷಗಳನ್ನು ಈ ಪ್ರಶ್ನೆಗೇ ಮೀಸಲಿಟ್ಟರು. ಕಾಯಿಲೆ ಮಿದುಳಿನಲ್ಲಿದ್ದರೂ ಕುಸಿತದ ಒಂದು ಪಾಲು ಸುತ್ತಲಿನವರ ವರ್ತನೆಯಿಂದ ಬರುತ್ತದೆ ಎಂದು ವಾದಿಸಿದರು. ಮಗುವಿನಂತೆ ಮಾತಾಡಿಸುವುದು, ಅವರ ಎದುರೇ ಅವರಿಲ್ಲದಂತೆ ಮಾತಾಡುವುದು, ಸುಳ್ಳು ಹೇಳಿ ಒಪ್ಪಿಸುವುದು, ಅವರಿಗೆ ತಾಳಲಾರದ ವೇಗದಲ್ಲಿ ಕೆಲಸ ಮುಗಿಸುವುದು, ಇವನ್ನೆಲ್ಲ ಅವರು ಹೆಸರಿಟ್ಟು ಪಟ್ಟಿ ಮಾಡಿದರು. ‘ವ್ಯಕ್ತಿ ಕೇಂದ್ರಿತ ಆರೈಕೆ’ ಎಂಬ ಮಾತು ಮರೆವಿನ ಆರೈಕೆಯಲ್ಲಿ ಬೇರೂರಿದ್ದು ಮುಖ್ಯವಾಗಿ ಅವರಿಂದ.

ನೆದರ್‌ಲೆಂಡ್ಸ್‌ನ ವೇಸ್ಪ್‌ನಲ್ಲಿರುವ ಹೋಗೆವೇಕ್ ಬಡಾವಣೆ ಇದೇ ಯೋಚನೆಗೆ ಕಟ್ಟಡದ ರೂಪ ಕೊಟ್ಟಿದೆ. ತೀವ್ರ ಮರೆವಿನವರು ಅಲ್ಲಿ ಆರೇಳು ಮಂದಿಯ ಮನೆಗಳಲ್ಲಿ ಇರುತ್ತಾರೆ, ಬೀದಿಯಲ್ಲಿ ನಡೆದು ಅಂಗಡಿಗೆ ಹೋಗುತ್ತಾರೆ, ಉದ್ಯಾನದಲ್ಲಿ ಕೂರುತ್ತಾರೆ. ಹೊರಗಿನ ಬಾಗಿಲೊಂದಕ್ಕೆ ಕಾವಲಿದೆ, ಒಳಗಿನ ಓಡಾಟಕ್ಕೆ ತಡೆಯಿಲ್ಲ. ಅಂಥ ಬಡಾವಣೆ ಎಲ್ಲರಿಗೂ ಸಿಗುವುದಿಲ್ಲ. ಆದರೆ ಕೇಂದ್ರ ನೋಡಲು ಹೋದಾಗ, ಅಲ್ಲಾಡದೆ ಕುರ್ಚಿಯಲ್ಲಿ ಕೂರಿಸಿಟ್ಟಿದ್ದಾರೆಯೇ, ಬೀಗದ ಹೊರಗಲ್ಲದಿದ್ದರೂ ಅಂಗಳದಲ್ಲಾದರೂ ಇಷ್ಟಬಂದಂತೆ ತಿರುಗಲು ಬಿಡುತ್ತಾರೆಯೇ ಎಂದು ನೋಡಬಹುದು.

ಆಯ್ಕೆಯನ್ನು ಕಿತ್ತುಕೊಳ್ಳುವ ಬದಲು ಚಿಕ್ಕದು ಮಾಡಿ. ‘ಏನು ಹಾಕಿಕೊಳ್ಳುತ್ತೀರಿ?’ ಎಂದರೆ ಗಲಿಬಿಲಿ. ಎರಡು ಅಂಗಿಗಳನ್ನು ಎತ್ತಿ ಹಿಡಿದು ‘ನೀಲಿಯೋ, ಬಿಳಿಯೋ?’ ಎಂದರೆ ಬೆರಳು ತಾನಾಗಿ ಒಂದರ ಕಡೆ ಹೋಗುತ್ತದೆ. ಇನ್ನು, ಒಂದು ವಿಷಯದಲ್ಲಿ ತೀರ್ಮಾನಿಸಲಾರದವರು ಎಲ್ಲದರಲ್ಲೂ ತೀರ್ಮಾನಿಸಲಾರರು ಎಂದುಕೊಳ್ಳಬಾರದು. ಬ್ಯಾಂಕಿನ ಕಾಗದ ಅರ್ಥವಾಗದವರಿಗೆ ಯಾರು ತನಗೆ ಸ್ನಾನ ಮಾಡಿಸಬೇಕು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಇದನ್ನು ಕಾನೂನಾಗಿಯೇ ಬರೆದಿದೆ: ಇಲ್ಲವೆಂದು ಸಾಬೀತಾಗುವವರೆಗೆ ಸಾಮರ್ಥ್ಯ ಇದೆ ಎಂದೇ ಭಾವಿಸಬೇಕು, ಮತ್ತು ಒಬ್ಬರು ಜಾಣತನದ್ದಲ್ಲದ ತೀರ್ಮಾನ ಮಾಡಿದರು ಎಂದ ಮಾತ್ರಕ್ಕೆ ಅವರಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ.

ಬಿದ್ದರೆ?

ಎಲ್ಲ ಮನೆಗಳಲ್ಲೂ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ಭಯ ಸುಳ್ಳಲ್ಲ. ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂದು ನೋಡಿದವರಿಗೆ ಗೊತ್ತು. ಆದರೆ ಕಟ್ಟಿ ಕೂರಿಸುವುದರಿಂದ ಗಾಯಗಳು ಕಡಿಮೆಯಾಗುತ್ತವೆ ಎನ್ನಲು ಆಧಾರವಿಲ್ಲ. ಸ್ನಾಯು ಸೋತು ಬೀಳುವ ಸಾಧ್ಯತೆಯೇ ಹೆಚ್ಚುತ್ತದೆ. ಮಂಚದ ಎರಡೂ ಕಡೆ ಕಂಬಿ ಏರಿಸಿದರೆ ಗೊಂದಲದಲ್ಲಿರುವವರು ಅದನ್ನೇ ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಸಂದಿಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಅದರ ಬದಲು ಮಂಚವನ್ನು ತಗ್ಗಿಸುವುದು ಒಳ್ಳೆಯದು.

ರಾಬರ್ಟ್ ಪರ್ಸ್ಕ್ 1972ರಲ್ಲಿ, ಬುದ್ಧಿಮಾಂದ್ಯತೆ ಇರುವವರ ಬಗ್ಗೆ ಬರೆಯುತ್ತಾ, ಅಪಾಯ ಎದುರಿಸುವುದರಲ್ಲೂ ಮನುಷ್ಯನ ಘನತೆ ಇದೆ ಎಂದರು. ಹಿರಿಯರ ಆರೈಕೆಗೆ ಆ ಮಾತು ಬಂದು ಸೇರಿದ್ದು ಆಮೇಲೆ. ಇದನ್ನು ಆಚರಣೆಗೆ ತರಲು ಒಂದು ಸರಳ ಕ್ರಮವಿದೆ. ಅಪ್ಪ ಸಂಜೆ ಒಬ್ಬರೇ ಗೇಟಿನವರೆಗೆ ನಡೆಯಬೇಕು ಎಂದಾಗ ನಾವು ಕುಳಿತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದೆವು: ಏನಾಗಬಹುದು, ಆಗುವ ಸಂಭವ ಎಷ್ಟು, ಅದನ್ನು ತಗ್ಗಿಸಲು ಏನು ಮಾಡಬಹುದು, ನಡಿಗೆಯನ್ನೇ ನಿಲ್ಲಿಸಿದರೆ ಕಳೆದುಕೊಳ್ಳುವುದೇನು. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬೇಲಿಯ ಉದ್ದಕ್ಕೂ ಹಿಡಿಕೆ ಹಾಕಿಸಿದೆವು, ಹಿಂಭಾಗ ಮುಚ್ಚಿದ ಚಪ್ಪಲಿ ತಂದೆವು, ಕೊರಳಲ್ಲಿ ಒತ್ತಿದರೆ ಕರೆ ಹೋಗುವ ಗುಂಡಿ ಹಾಕಿಸಿದೆವು. ಆ ವರ್ಷ ಅವರು ಒಮ್ಮೆ ಬಿದ್ದರು, ಮೊಣಕೈ ತರಚಿತು. ಮರುದಿನ ಮತ್ತೆ ಗೇಟಿಗೆ ಹೋದರು. ಅವರು ವಾಪಸು ಬರುವವರೆಗೆ ಕಿಟಕಿಯಲ್ಲಿ ನಿಂತಿದ್ದವಳು ನಾನು.

ಯಾವ ಕೇಂದ್ರವಾಗಲಿ ಏಜೆನ್ಸಿಯಾಗಲಿ ‘ನಮ್ಮಲ್ಲಿ ಯಾರೂ ಬೀಳುವುದಿಲ್ಲ’ ಎಂದರೆ ಅದು ಹೇಗೆ ಎಂದು ಕೇಳಿ. ಯಾರನ್ನೂ ಏಳಲು ಬಿಡದಿದ್ದರೆ ಮಾತ್ರ ಅದು ಸಾಧ್ಯ.

ನಾನಾದರೆ ಹೀಗೆ ಆರಿಸುತ್ತೇನೆ

ತಿಳಿವಳಿಕೆ ಸ್ಪಷ್ಟವಿದ್ದು, ಕಾಟ್ಜ್ ಪಟ್ಟಿಯ ಆರು ಕೆಲಸಗಳಲ್ಲಿ ಒಂದೆರಡಕ್ಕೆ ಮಾತ್ರ ನೆರವು ಬೇಕಿದ್ದರೆ ಸ್ವಂತ ಮನೆ, ಬದಲಾಗದ ಒಬ್ಬಿಬ್ಬರು ಸಹಾಯಕರು. ಒಂಟಿತನವೇ ಮುಖ್ಯ ಕಷ್ಟವಾದರೆ ಮೊದಲು ಹಗಲು ಕೇಂದ್ರ, ಸಾಲದಿದ್ದರೆ ಹಿರಿಯರ ವಸತಿ. ರಾತ್ರಿಯ ಆರೈಕೆ ಒಬ್ಬರ ಕೈಮೀರಿದರೆ ಸಣ್ಣ ಆರೈಕೆ ಕೇಂದ್ರ. ಮಕ್ಕಳ ಮನೆಯನ್ನು ಹಿರಿಯರು ತಾವಾಗಿ ಬಯಸಿದರೆ ಮಾತ್ರ ಆರಿಸುತ್ತೇನೆ. ಮಕ್ಕಳ ಮನಸ್ಸಿನ ಸಮಾಧಾನಕ್ಕಾಗಿ ಆರಿಸುವುದಿಲ್ಲ. ವಿಶ್ವಸಂಸ್ಥೆ 1991ರಲ್ಲಿ ಹಿರಿಯರಿಗಾಗಿ ಒಪ್ಪಿಕೊಂಡ ತತ್ವಗಳಲ್ಲಿ ಮೊದಲ ತಲೆಬರಹ ಸ್ವಾವಲಂಬನೆ. ಆರೈಕೆ ಬರುವುದು ಮೂರನೆಯದಾಗಿ. ಆ ಕ್ರಮ ನನಗೆ ಸರಿಯೆನಿಸುತ್ತದೆ.

ಏನೇ ಆರಿಸಿದರೂ ಮೊದಲ ಒಂದು ತಿಂಗಳನ್ನು ಪರೀಕ್ಷೆಯ ಅವಧಿ ಎಂದು ಬರಹದಲ್ಲಿ ಮಾಡಿಕೊಳ್ಳಿ, ಹಳೆಯ ಮನೆಯನ್ನು ಅಷ್ಟರವರೆಗೆ ಖಾಲಿ ಮಾಡಬೇಡಿ. ನೋಡಲು ಹೋಗುವಾಗ ಹಿರಿಯರನ್ನು ಕರೆದುಕೊಂಡು ಹೋಗಿ. ಬರಲಾರದಿದ್ದರೆ ಮೊಬೈಲ್‌ನಲ್ಲಿ ಚಿತ್ರ ತೆಗೆದು ತಂದು ತೋರಿಸಿ: ಅವರ ಕಿಟಕಿಯಿಂದ ಕಾಣುವುದೇನು, ಶೌಚಾಲಯ ಎಷ್ಟು ದೂರ, ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ. ಮೂರು ತಿಂಗಳಿಗೊಮ್ಮೆ ಆ ಹದಿನಾಲ್ಕು ಕೆಲಸಗಳ ಹಾಳೆಯನ್ನು ಮತ್ತೆ ತುಂಬಿ. ನಡುವಿನ ಗುಂಪಿನಲ್ಲಿದ್ದದ್ದು ಕೊನೆಯ ಗುಂಪಿಗೆ ಹೋಗಿದ್ದರೆ, ಕಾಯಿಲೆ ಹೆಚ್ಚಾಯಿತೇ ಅಥವಾ ಯಾರೋ ಅವಸರ ಮಾಡುತ್ತಿದ್ದಾರೆಯೇ ಎಂದು ವಿಚಾರಿಸಿ.

ಮತ್ತೆ, ಅವರ ಬಗ್ಗೆ ಒಂದೇ ಪುಟ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ. ಹೊಸ ಸಹಾಯಕರು ಬಂದರೆ ಕಾಯಿಲೆಯ ಕಡತಕ್ಕಿಂತ ಮೊದಲು ಅದನ್ನು ಓದಲಿ. ಅಪ್ಪನ ಪುಟದಲ್ಲಿ ಇದ್ದದ್ದು ಇಷ್ಟು: ಮೇಷ್ಟ್ರೇ ಎಂದು ಕರೆಯಿರಿ. ಎಡಕಿವಿಯ ಕಡೆಯಿಂದ ಮಾತಾಡಿ. ಏಳೂವರೆಗೆ ಮುಂಚೆ ಎಬ್ಬಿಸಬೇಡಿ. ಪತ್ರಿಕೆಯನ್ನು ಮಡಚಿದಂತೆಯೇ ತಂದುಕೊಡಿ. ಬಚ್ಚಲ ಬಾಗಿಲು ಮುಚ್ಚಿ, ಹೊರಗೆ ನಿಂತಿರಿ, ಕರೆದರೆ ಬನ್ನಿ. ಅಂಗಿ ಹಾಕುವಾಗ ಮೊದಲು ಬಲಗೈಗೆ ತೋಳು ತೊಡಿಸಿ, ಆಮೇಲೆ ಎಡಗೈ. ಗುಂಡಿ ಕೆಳಗಿನಿಂದ ಶುರು. ಆ ಪುಟದ ಕೆಳಗಿನ ಸಹಿ ಅಪ್ಪನದೇ, ಎಡಗೈಯಲ್ಲಿ ಹಾಕಿದ್ದು.